ಲೆವೆಲ್ ಎರಡು ನಾಲ್ಕಾದಾಗ: ಕ್ಯಾಲಿಫೋರ್ನಿಯಾದ ಅಸಿಸ್ಟೆಡ್ ಲಿವಿಂಗ್‌ನಲ್ಲಿ ಆರೈಕೆ ಶುಲ್ಕದ ತಕರಾರು

ಬೇ ಏರಿಯಾದ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಜಗಳ ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೆ. ಅಸಿಸ್ಟೆಡ್ ಲಿವಿಂಗ್, ಅಂದರೆ ವಯಸ್ಸಾದವರಿಗೆ ಕೋಣೆ, ಊಟ, ದಿನನಿತ್ಯದ ಆರೈಕೆ ಕೊಡುವ ಸಂಸ್ಥೆ, ಜನವರಿ 1ರಿಂದ ದರ ಏರಿಸಬೇಕೆಂದಿದ್ದರೆ ಅಕ್ಟೋಬರ್ 3ರೊಳಗೆ ಪತ್ರ ಕೊಟ್ಟಿರಬೇಕು. ಕ್ಯಾಲಿಫೋರ್ನಿಯಾದ ಕಾನೂನು ಇದಕ್ಕೆ 90 ದಿನಗಳ ಲಿಖಿತ ಮುನ್ಸೂಚನೆ ಕೇಳುತ್ತದೆ. 2025ರ ಜನವರಿಗೆ ಮುಂಚೆ 60 ದಿನ ಸಾಕಿತ್ತು. ಪತ್ರದಲ್ಲಿ ಶೇ. 8 ಏರಿಕೆ ಎಂದಿರುತ್ತದೆ. ಸ್ಯಾನ್ ಹೋಸೆಯ ಮಗಳು, ಡಾಲಸ್‌ನ ಮಗ, ಮೈಸೂರಿನ ಚಿಕ್ಕಪ್ಪ, ಎಲ್ಲರೂ ವಾಟ್ಸ್ಯಾಪ್ ಗುಂಪಿನಲ್ಲಿ ಆ ಎಂಟರ ಮೇಲೆ ಬೀಳುತ್ತಾರೆ. ಇದು ಅನ್ಯಾಯ, ಕೋರ್ಟಿಗೆ ಹೋಗೋಣ ಎನ್ನುವವರೆಗೂ ಮಾತು ಬೆಳೆಯುತ್ತದೆ.

ದುಡ್ಡು ಸೋರುವ ತೂತು ಬೇರೆ ಕಡೆ ಇದೆ. ಒಂದು ಮಾದರಿ ಲೆಕ್ಕ ನೋಡಿ. ಕೋಣೆ, ಮೂರು ಹೊತ್ತಿನ ಊಟ, ವಾರಕ್ಕೊಮ್ಮೆ ಕಸ ಗುಡಿಸಿ ಒರೆಸುವುದು, ಇವೆಲ್ಲ ಸೇರಿದ ಮೂಲ ದರ ತಿಂಗಳಿಗೆ 5,200 ಡಾಲರ್. ಆರೈಕೆ ಲೆವೆಲ್ (ಎಷ್ಟು ಸಹಾಯ ಬೇಕು ಎಂಬುದರ ಮೆಟ್ಟಿಲು) ಎರಡಕ್ಕೆ 1,100. ಔಷಧಿ ಕೊಡುವುದಕ್ಕೆ 450. ಒಟ್ಟು 6,750. ಜನವರಿಯಲ್ಲಿ ಮೂಲ ದರ ಶೇ. 8 ಏರಿ 5,616 ಆಗುತ್ತದೆ, ಅಂದರೆ 416 ಡಾಲರ್ ಹೆಚ್ಚು. ಫೆಬ್ರವರಿಯಲ್ಲಿ ಅಮ್ಮ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬರುತ್ತಾರೆ, ಆರೈಕೆ ಲೆವೆಲ್ ನಾಲ್ಕಾಗುತ್ತದೆ, ಅದಕ್ಕೆ 2,300. ಈಗ ಒಟ್ಟು 8,366. ಏರಿದ್ದು 1,616 ಡಾಲರ್. ಅದರಲ್ಲಿ ಮೂಲ ದರದ ಪಾಲು ಕಾಲುಭಾಗ, ಉಳಿದ ಮುಕ್ಕಾಲು ಆರೈಕೆ ಶುಲ್ಕ. ಎಂಟು ಪರ್ಸೆಂಟ್ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವರ ಖಾತೆಯಿಂದ ಇಪ್ಪತ್ತನಾಲ್ಕು ಪರ್ಸೆಂಟ್ ಹೋಯಿತು. ಎರಡನೆಯ ಏರಿಕೆಗೆ 90 ದಿನದ ನಿಯಮ ಅನ್ವಯಿಸುವುದಿಲ್ಲ. ಅದು ಬರುವುದು ಒಂದು ಹಾಳೆಯ ರೂಪದಲ್ಲಿ, ನೀವು ಡಿಸ್ಚಾರ್ಜ್ ಕಾಗದ ಹಿಡಿದುಕೊಂಡು ಓಡಾಡುತ್ತಿರುವ ವಾರದಲ್ಲಿ.

ಹಾಗಾಗಿ ಇವತ್ತು ಮೊದಲನೆಯ ಪತ್ರದ ಬಗ್ಗೆ ಸ್ವಲ್ಪವೇ ಹೇಳಿ, ಆ ಎರಡನೆಯ ಹಾಳೆಯ ಬಗ್ಗೆ ಹೆಚ್ಚು ಹೇಳುತ್ತೇನೆ.

ಮೊದಲು ಕಾನೂನಿನ ಹೆಸರು ತಿಳಿದಿರಲಿ. ಕ್ಯಾಲಿಫೋರ್ನಿಯಾದಲ್ಲಿ ‘ಅಸಿಸ್ಟೆಡ್ ಲಿವಿಂಗ್’ ಎಂಬುದು ಜಾಹೀರಾತಿನ ಪದ. ಪರವಾನಗಿಯಲ್ಲಿ ಇರುವುದು ‘ರೆಸಿಡೆನ್ಶಿಯಲ್ ಕೇರ್ ಫೆಸಿಲಿಟಿ ಫಾರ್ ದಿ ಎಲ್ಡರ್ಲಿ’, ಮಾತಿನಲ್ಲಿ ಆರ್‌ಸಿಎಫ್‌ಇ. ನೂರಿಪ್ಪತ್ತು ಕೋಣೆಗಳ ಹೋಟೆಲ್‌ನಂಥ ಕಟ್ಟಡಕ್ಕೂ, ಫ್ರೀಮಾಂಟಿನ ಒಂದು ಮಾಮೂಲಿ ಬೀದಿಯಲ್ಲಿ ಆರು ಜನ ವೃದ್ಧರನ್ನು ಇಟ್ಟುಕೊಂಡ ಮನೆಗೂ ಇದೇ ಪರವಾನಗಿ, ಇದೇ ಕಾನೂನು. ಪರವಾನಗಿ ಕೊಡುವುದು ರಾಜ್ಯದ ಸೋಶಿಯಲ್ ಸರ್ವಿಸಸ್ ಇಲಾಖೆಯ ಕಮ್ಯುನಿಟಿ ಕೇರ್ ಲೈಸೆನ್ಸಿಂಗ್ ವಿಭಾಗ. ನರ್ಸಿಂಗ್ ಹೋಮ್ (ದಿನವಿಡೀ ನರ್ಸ್‌ಗಳ ಚಿಕಿತ್ಸೆ ಕೊಡುವ ಸಂಸ್ಥೆ) ಬೇರೆ ಜಾತಿ, ಅದರ ಕಾನೂನೂ ಬೇರೆ. ಎರಡನ್ನೂ ಕಲಸಿಕೊಂಡು ವಾದಕ್ಕೆ ಹೋದವರು ಮೊದಲ ಹತ್ತು ನಿಮಿಷದಲ್ಲೇ ಸೋಲುತ್ತಾರೆ. ಅಸಿಸ್ಟೆಡ್ ಲಿವಿಂಗ್‌ನ ವಾಸ್ತವ್ಯಕ್ಕೆ ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಒಂದು ಡಾಲರನ್ನೂ ಕೊಡುವುದಿಲ್ಲ. ಕಡಿಮೆ ಆದಾಯದವರಿಗಿರುವ ಮೆಡಿ-ಕ್ಯಾಲ್ ಆರೋಗ್ಯ ಯೋಜನೆಯಲ್ಲಿ ಇಲ್ಲಿನ ಆರೈಕೆ ವೆಚ್ಚ ಕೊಡುವ ‘ವೇವರ್’ ವ್ಯವಸ್ಥೆ ಸಾಂತಾ ಕ್ಲಾರಾ, ಅಲಮೇಡಾ ಸೇರಿ ಕೆಲವು ಕೌಂಟಿಗಳಲ್ಲಿ ಮಾತ್ರ ಇದೆ, ಅದಕ್ಕೂ ಸರದಿ ಕಾಯಬೇಕು. ಹೀಗಾಗಿ ಹೆಚ್ಚಿನ ಮನೆಗಳಲ್ಲಿ ಇದು ಕೈಯಿಂದ ಹೋಗುವ ದುಡ್ಡು.

ಈಗ ಆ ವಾರ್ಷಿಕ ಪತ್ರ. ಎಷ್ಟು ಏರಿಕೆ, ಯಾವ ಕಾರಣಕ್ಕೆ, ಯಾವ ಹೆಚ್ಚುವರಿ ಖರ್ಚಿಗಾಗಿ ಎಂಬುದರ ಸ್ಥೂಲ ವಿವರ, ಈ ಮೂರೂ ಅದರಲ್ಲಿರಬೇಕು. ‘ಸ್ಥೂಲ’ ಎಂಬ ಪದವೇ ಇಲ್ಲಿನ ತೊಂದರೆ. ಸಂಬಳ, ದಿನಸಿ, ವಿಮೆ ಎಲ್ಲ ದುಬಾರಿಯಾಗಿದೆ ಎಂದು ನಾಲ್ಕು ಸಾಲು ಬರೆದರೆ ಕಾನೂನಿಗೆ ಸಾಕಾಗಬಹುದು. ಇಂತಿಷ್ಟಕ್ಕಿಂತ ಹೆಚ್ಚು ಏರಿಸಬಾರದು ಎಂಬ ಮಿತಿ ಈ ಪರವಾನಗಿ ಕಾನೂನಿನಲ್ಲಿ ಇಲ್ಲ. ಎಸ್‌ಎಸ್‌ಐ ಎಂಬ, ಕಡಿಮೆ ಆದಾಯದ ವೃದ್ಧರಿಗೆ ಫೆಡರಲ್ ಸರ್ಕಾರ ಕೊಡುವ ಮಾಸಿಕ ನೆರವಿನ ಮೇಲೆ ಬದುಕುವವರಿಗಷ್ಟೇ ಸರ್ಕಾರ ನಿಗದಿ ಮಾಡಿದ ದರ ಅನ್ವಯಿಸುತ್ತದೆ. ಹಾಗಾಗಿ ಉಳಿದವರಿಗೆ ಮೂಲ ದರದ ವಿಷಯದಲ್ಲಿ ಹಕ್ಕಿನ ಮಾತಿಗಿಂತ ಚೌಕಾಶಿಯೇ ಕೆಲಸಕ್ಕೆ ಬರುತ್ತದೆ. ಚೌಕಾಶಿಗೆ ಎರಡು ಸರಕು ಒಯ್ಯಿರಿ. ಒಂದು: ಪ್ರತಿವರ್ಷ ದರ ಏರಿಸುವ ಸಂಸ್ಥೆ ಹಿಂದಿನ ಮೂರು ವರ್ಷಗಳ ಸರಾಸರಿ ಏರಿಕೆಯನ್ನು ಬರಹದಲ್ಲಿ ತೋರಿಸಬೇಕೆಂಬ ನಿಯಮವಿದೆ, ಆ ಕಾಗದ ಕೇಳಿ. ಎರಡು: ‘ಕನಿಷ್ಠ ವೇತನ ಏರಿದೆ’ ಎಂದು ಪತ್ರದಲ್ಲಿ ಬರೆದಿದ್ದರೆ ಅಂಕಿ ತೋರಿಸಿ. ರಾಜ್ಯದ ಕನಿಷ್ಠ ವೇತನ 2025ರಲ್ಲಿ ಗಂಟೆಗೆ 16.50 ಡಾಲರ್ ಇದ್ದದ್ದು 2026ರಲ್ಲಿ 16.90 ಆಯಿತು. ಅದು ಶೇ. 2.4ರ ಆಸುಪಾಸು. ಹಲವು ನಗರಗಳ ಕನಿಷ್ಠ ವೇತನ ಇದಕ್ಕಿಂತ ಹೆಚ್ಚಿರುತ್ತದೆ ನಿಜ, ಆದರೂ ಎಂಟಕ್ಕೆ ಅದೊಂದೇ ಕಾರಣವಾಗಲಾರದು. ಕಟ್ಟಡದಲ್ಲಿ ಕೋಣೆಗಳು ಖಾಲಿ ಇದ್ದರೆ ಏರಿಕೆಯನ್ನು ಎರಡು ಕಂತಾಗಿಸುವುದಕ್ಕೋ, ಹನ್ನೆರಡು ತಿಂಗಳು ಬೇರೆ ಏರಿಕೆ ಇಲ್ಲ ಎಂದು ಬರೆದುಕೊಡುವುದಕ್ಕೋ ಮ್ಯಾನೇಜರ್ ಒಪ್ಪಬಹುದು. ಒಪ್ಪದಿದ್ದರೆ ಅಲ್ಲಿಗೆ ಬಿಡಿ. ಶಕ್ತಿಯನ್ನು ಮುಂದಿನದಕ್ಕೆ ಉಳಿಸಿಕೊಳ್ಳಿ.

ಲೆವೆಲ್ ಎಂದರೇನು

ಆರೈಕೆ ಶುಲ್ಕವನ್ನು ಕಟ್ಟುವ ರೀತಿ ಮೂರು. ಆರು ಹಾಸಿಗೆಯ ಚಿಕ್ಕ ಮನೆಗಳಲ್ಲಿ ಬಹುತೇಕ ಒಂದೇ ಮೊತ್ತ, ಎಲ್ಲ ಸೇರಿ ಇಷ್ಟು ಎಂದು. ಕೆಲವು ಕಡೆ ಬಿಡಿ ಬಿಡಿಯಾಗಿ, ನಮ್ಮ ಹೋಟೆಲ್ ಮೆನುವಿನ ಹಾಗೆ: ಸ್ನಾನಕ್ಕೆ ಇಷ್ಟು, ಊಟದ ಹಾಲ್‌ಗೆ ಕರೆದೊಯ್ಯುವುದಕ್ಕೆ ಇಷ್ಟು. ದೊಡ್ಡ ಸರಪಳಿ ಸಂಸ್ಥೆಗಳಲ್ಲಿ ಪಾಯಿಂಟ್ ಪದ್ಧತಿ. ಅಲ್ಲಿನ ನರ್ಸ್ ಅಥವಾ ಆರೈಕೆ ವಿಭಾಗದ ಮುಖ್ಯಸ್ಥರು ಕಂಪ್ಯೂಟರ್ ಮುಂದೆ ಕುಳಿತು ಐವತ್ತು ಅರವತ್ತು ಪ್ರಶ್ನೆಗಳಿಗೆ ಗುರುತು ಹಾಕುತ್ತಾರೆ, ಇದಕ್ಕೆ ಅಸೆಸ್‌ಮೆಂಟ್ ಎನ್ನುತ್ತಾರೆ. ಸ್ನಾನಕ್ಕೆ ಪಕ್ಕದಲ್ಲಿ ನಿಂತರೆ ಸಾಕೇ, ಕೈ ಹಿಡಿಯಬೇಕೇ, ಪೂರ್ತಿ ಮಾಡಿಸಬೇಕೇ? ಪ್ರತಿ ಉತ್ತರಕ್ಕೂ ಪಾಯಿಂಟ್. ಕೆಲವು ಕಡೆ ಪಾಯಿಂಟ್ ಅಂದರೆ ನಿಮಿಷಗಳ ಅಂದಾಜು. ಕೂಡಿದಾಗ ಬಂದ ಸಂಖ್ಯೆ ಅಂಕಗಳ ಯಾವ ವ್ಯಾಪ್ತಿಯೊಳಗೆ ಬೀಳುತ್ತದೋ ಅದು ಲೆವೆಲ್. ಆ ವ್ಯಾಪ್ತಿಯ ಅಂಚಿನಲ್ಲಿರುವವರಿಗೆ ಒಂದೇ ಒಂದು ಪ್ರಶ್ನೆಯ ಉತ್ತರ ಬದಲಾದರೆ ತಿಂಗಳಿಗೆ ಐದಾರು ನೂರು ಡಾಲರ್ ಅತ್ತಿತ್ತ ಆಗುತ್ತದೆ.

ಇದು ಗೊತ್ತಾದರೆ ಜಗಳದ ಸ್ವರೂಪವೇ ಬದಲಾಗುತ್ತದೆ. ‘ಆರೈಕೆಗೆ 2,300 ಡಾಲರ್ ತೀರಾ ಜಾಸ್ತಿ’ ಎಂಬ ಮಾತಿಗೆ ಅವರ ಬಳಿ ಸಿದ್ಧ ಉತ್ತರವಿದೆ: ಲೆವೆಲ್ ನಾಲ್ಕರ ದರ ಅಷ್ಟೇ, ನೀವೇ ಸಹಿ ಮಾಡಿದ ಪಟ್ಟಿ ನೋಡಿ. ‘ಹದಿನೇಳನೆಯ ಪ್ರಶ್ನೆಗೆ ಪೂರ್ತಿ ಸಹಾಯ ಎಂದು ಏಕೆ ಗುರುತು ಹಾಕಿದಿರಿ, ಯಾವ ದಿನ, ಯಾರು ನೋಡಿದರು?’ ಎಂದರೆ ಅವರು ಫೈಲ್ ತೆರೆಯಲೇಬೇಕಾಗುತ್ತದೆ.

ಲೆವೆಲ್ ಬದಲಾದ ಕಾರಣಕ್ಕೆ ದರ ಏರಿಸಿದರೆ, ಹೊಸ ಮಟ್ಟದ ಸೇವೆ ಕೊಡಲು ಶುರು ಮಾಡಿದ ಎರಡು ಕೆಲಸದ ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ನಿವಾಸಿಗೂ ಕೊಡಬೇಕು, ಅವರ ಪ್ರತಿನಿಧಿಗೂ ಕೊಡಬೇಕು. ಅದರಲ್ಲಿ ಯಾವ ಹೆಚ್ಚುವರಿ ಸೇವೆಗಳು ಎಂಬ ವಿವರಣೆ ಇರಬೇಕು, ಅವಕ್ಕೆ ತಗಲುವ ಶುಲ್ಕ ಬಿಡಿಬಿಡಿಯಾಗಿ ಇರಬೇಕು. ‘ಲೆವೆಲ್ 2ರಿಂದ ಲೆವೆಲ್ 4’ ಎಂಬ ಒಂದು ಸಾಲಿನ ಹಾಳೆ ಈ ಅಳತೆಗೆ ನಿಲ್ಲುವುದಿಲ್ಲ. ಇನ್ನೊಂದು: ಕಾನೂನು ಹೇಳುವುದು ಸೇವೆ ಶುರುವಾದ ಮೇಲಿನ ಮಾತು. ಹೊಸ ಸೇವೆಯೇ ಶುರುವಾಗದೆ ಲೆವೆಲ್ ಮಾತ್ರ ಏರಿದ್ದರೆ, ಅಥವಾ ಮೂರು ವಾರ ಹಿಂದಿನ ತಾರೀಖಿನಿಂದ ಲೆಕ್ಕ ಹಾಕಿ ಬಿಲ್ ಬಂದಿದ್ದರೆ, ನಿಮ್ಮ ತಕರಾರಿಗೆ ಗಟ್ಟಿ ನೆಲ ಸಿಕ್ಕಿತು. ಫೈಲ್‌ನಲ್ಲಿ ಪ್ರತಿನಿಧಿ ಎಂದು ನಿಮ್ಮ ಹೆಸರು, ಇಮೇಲ್ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಇಲ್ಲದಿದ್ದರೆ ನೋಟಿಸ್ ಅಮ್ಮನ ಕೈಗೆ ಹೋಗುತ್ತದೆ, ಅಮ್ಮ ಅದನ್ನು ಭದ್ರವಾಗಿ ದೇವರ ಫೋಟೋ ಹಿಂದೆ ಇಡುತ್ತಾರೆ.

ಅಂಕಗಳು ತಪ್ಪುವುದು ಎಲ್ಲಿ

ಹೆಚ್ಚಿನ ಏರಿಕೆಗಳಲ್ಲಿ ಮೋಸ ಇರುವುದಿಲ್ಲ. ವಯಸ್ಸಾದವರ ಅಗತ್ಯ ನಿಜಕ್ಕೂ ಹೆಚ್ಚುತ್ತದೆ. ಇದನ್ನು ಒಪ್ಪಿಕೊಂಡೇ ಕೂರಬೇಕು. ಆದರೆ ಅಂಕಗಳು ತಪ್ಪುವ ಜಾಗಗಳು ಮತ್ತೆ ಮತ್ತೆ ಅವೇ.

ಮೊದಲನೆಯದು ಅಳೆದ ಗಳಿಗೆ. ಮೂತ್ರದ ಸೋಂಕಾದಾಗ ಎಂಬತ್ತು ದಾಟಿದವರಲ್ಲಿ ಒಮ್ಮಿಂದೊಮ್ಮೆಲೇ ಗೊಂದಲ, ಬಡಬಡಿಕೆ, ನಡಿಗೆಯಲ್ಲಿ ತತ್ತರಿಕೆ ಕಾಣಬಹುದು. ಆಸ್ಪತ್ರೆಯಿಂದ ಬಂದ ದಿನವೇ ಅಸೆಸ್‌ಮೆಂಟ್ ಮಾಡಿದರೆ ಆ ಗೊಂದಲವೇ ಶಾಶ್ವತ ಸ್ಥಿತಿಯಾಗಿ ದಾಖಲಾಗುತ್ತದೆ. ಔಷಧಿ ಮುಗಿದು ಕೆಲವು ವಾರಗಳಲ್ಲಿ ಅವರು ಮೊದಲಿನಂತಾದರೂ ಲೆವೆಲ್ ತಾನಾಗಿ ಕೆಳಗೆ ಇಳಿಯುವುದಿಲ್ಲ. ಏರಿಸಲು ಕಾರಣ ಸಿಕ್ಕಾಗ ಅವರು ನೆನಪಿಸುತ್ತಾರೆ, ಇಳಿಸಲು ನೀವೇ ನೆನಪಿಸಬೇಕು. ಏರಿಕೆಗೆ ಒಪ್ಪುವ ದಿನವೇ ‘30 ದಿನದ ನಂತರ ಮರು ಅಸೆಸ್‌ಮೆಂಟ್, ಇಂಥ ತಾರೀಖು’ ಎಂದು ಅದೇ ಹಾಳೆಯ ಮೇಲೆ ಬರೆಸಿಕೊಳ್ಳಿ. ಅಳೆಯುವ ಹೊತ್ತೂ ಮುಖ್ಯ. ಸಂಜೆ ಐದರ ಮೇಲೆ ಮಂಕಾಗುವವರನ್ನು ಸಂಜೆ ಮಾತ್ರ ನೋಡಿದರೆ ಇಡೀ ದಿನ ಹಾಗೇ ಇರುತ್ತಾರೆ ಎಂದಾಗುತ್ತದೆ.

ಎರಡನೆಯದು ಒಂದೇ ಸಹಾಯವನ್ನು ಎರಡು ಮೂರು ಸಲ ಎಣಿಸುವುದು. ಕುರ್ಚಿಯಿಂದ ಎದ್ದು ನಿಲ್ಲಲು ಕೈ ಹಿಡಿಯಬೇಕು ಅನ್ನೋಣ. ಅದು ‘ಎದ್ದು ಕೂರುವುದು’ ಎಂಬ ಕಲಮಿನಲ್ಲಿ ಬಂತು, ‘ಶೌಚ’ದಲ್ಲಿ ಬಂತು, ‘ಸ್ನಾನ’ದಲ್ಲಿ ಬಂತು, ‘ಊಟದ ಹಾಲ್‌ಗೆ ಜೊತೆ ಹೋಗುವುದು’ ಎಂಬಲ್ಲೂ ಬಂತು. ನಾಲ್ಕೂ ಕಡೆ ಪಾಯಿಂಟ್. ಕೆಲವು ಪದ್ಧತಿಗಳಲ್ಲಿ ಇದು ಉದ್ದೇಶಪೂರ್ವಕವೇ ಇರುತ್ತದೆ, ಆ ನಾಲ್ಕೂ ಸಲ ಯಾರೋ ಬರಬೇಕಲ್ಲ ಎಂಬ ತರ್ಕ. ಅಂಕ ಹಾಕುವ ನಿಯಮಾವಳಿಯನ್ನು ಕೇಳಿ ಪಡೆದರೆ ಮಾತ್ರ ಯಾವುದು ಪದ್ಧತಿ, ಯಾವುದು ತಪ್ಪು ಎಂದು ತಿಳಿಯುತ್ತದೆ.

ಮೂರನೆಯದು ನಮ್ಮವರಿಗೇ ವಿಶೇಷವಾದದ್ದು. ಇಂಗ್ಲಿಷ್ ಬಾರದ, ಅಥವಾ ಮರೆವು ಶುರುವಾದ ಮೇಲೆ ಇಂಗ್ಲಿಷ್ ಕಳೆದುಕೊಂಡು ಕನ್ನಡಕ್ಕೆ ಮರಳಿದ ಅಜ್ಜಿಗೆ ‘ಸೂಚನೆ ಅರ್ಥವಾಗುವುದಿಲ್ಲ, ಪದೇ ಪದೇ ಹೇಳಬೇಕು’ ಎಂದು ಗುರುತು ಬೀಳಬಹುದು. ಷವರ್ ಕೆಳಗೆ ನಿಲ್ಲಲು ಹೆದರಿ, ಬಕೆಟ್ಟು ಚೊಂಬು ಕೇಳುವವರಿಗೆ ‘ಆರೈಕೆಗೆ ಪ್ರತಿರೋಧ’ ಎಂಬ ಕಲಮು. ಅದು ನಡವಳಿಕೆಯ ವಿಭಾಗದಲ್ಲಿ ಬರುತ್ತದೆ, ಅಲ್ಲಿ ಪಾಯಿಂಟ್ ಜಾಸ್ತಿ. ಕೈಯಲ್ಲಿ ಕಲಸಿ ತಿನ್ನುವವರಿಗೆ ‘ಊಟಕ್ಕೆ ಸಹಾಯ ಬೇಕು’. ಗಂಡಸು ಸ್ನಾನ ಮಾಡಿಸಲು ಬಂದಾಗ ಬೇಡ ಎಂದ ಹೆಂಗಸಿಗೂ ಪ್ರತಿರೋಧದ ಗುರುತು ಬಿದ್ದರೆ ಆಶ್ಚರ್ಯವಿಲ್ಲ. ಇವು ಅಗತ್ಯ ಹೆಚ್ಚಿದ್ದರ ಲಕ್ಷಣಗಳಲ್ಲ. ಒಂದು ಪ್ಲಾಸ್ಟಿಕ್ ಸ್ಟೂಲು, ಒಂದು ಬಕೆಟ್ಟು, ಗೋಡೆಗೆ ಅಂಟಿಸಿದ ಇಪ್ಪತ್ತು ಕನ್ನಡ ಪದಗಳ ಹಾಳೆ (ನೀರು, ನೋವು, ಕಕ್ಕಸು, ಸಾಕು, ಬಿಸಿ ಇತ್ಯಾದಿ, ಇಂಗ್ಲಿಷ್ ಲಿಪಿಯಲ್ಲಿ ಉಚ್ಚಾರಣೆ ಸಹಿತ) ಇಷ್ಟನ್ನು ಕೊಟ್ಟು ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ ಎಂದು ಕೇಳಿ.

ನಾಲ್ಕನೆಯದು ಔಷಧಿ. ಶುಲ್ಕ ಹೆಚ್ಚಿನ ಕಡೆ ಮಾತ್ರೆಗಳ ಸಂಖ್ಯೆಯ ಮೇಲೋ, ದಿನಕ್ಕೆ ಎಷ್ಟು ಸಲ ಕೊಡಬೇಕು ಎಂಬುದರ ಮೇಲೋ ನಿಂತಿರುತ್ತದೆ. ಬೆಳಿಗ್ಗೆ ಆರು, ಎಂಟು, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಐದು ಹೊತ್ತು ಹರಡಿಕೊಂಡಿದ್ದನ್ನು ಎರಡು ಅಥವಾ ಮೂರು ಹೊತ್ತಿಗೆ ತರಬಹುದೇ ಎಂದು ಡಾಕ್ಟರನ್ನು ಕೇಳಿ. ನಿಲ್ಲಿಸಬಹುದಾದ ಮಾತ್ರೆಗಳೂ ಇರುತ್ತವೆ. ಡಾಕ್ಟರ್ ಬರೆದುಕೊಟ್ಟ ಹೊಸ ಆದೇಶ ಸಂಸ್ಥೆಯ ಫೈಲ್‌ಗೆ ಸೇರಿದರೆ ಆ ಸಾಲಿನ ಶುಲ್ಕ ಇಳಿಸಿ ಎಂದು ಕೇಳಲು ಆಧಾರ ಸಿಗುತ್ತದೆ. ಇಡೀ ಜಗಳದಲ್ಲಿ ಅತಿ ಸುಲಭವಾಗಿ ದುಡ್ಡು ಉಳಿಯುವ ಜಾಗ ಇದು, ಆದರೆ ಕೇಳುವವರು ಕಡಿಮೆ.

ಐದನೆಯದು ರಾತ್ರಿ. ‘ಎರಡು ಗಂಟೆಗೊಮ್ಮೆ ನೋಡುವುದು, ಬಟ್ಟೆ ಬದಲಿಸುವುದು’ ಎಂದು ಅಂಕ ಹಾಕಿರುತ್ತಾರೆ. ಕ್ಯಾಲಿಫೋರ್ನಿಯಾದ ನಿಯಮದಲ್ಲಿ 16ರಿಂದ 100 ನಿವಾಸಿಗಳಿರುವ ಕಡೆ ರಾತ್ರಿ ಎಚ್ಚರವಾಗಿರಬೇಕಾದವರು ಕನಿಷ್ಠ ಒಬ್ಬರು. ಇನ್ನೊಬ್ಬರು ಕರೆದರೆ ಬರುವಂತಿರಬೇಕು. ಹಗಲಿಗಂತೂ ಇಷ್ಟು ಜನಕ್ಕೆ ಇಷ್ಟು ಸಿಬ್ಬಂದಿ ಎಂಬ ಸಂಖ್ಯೆಯೇ ನಿಯಮದಲ್ಲಿಲ್ಲ, ‘ಸಾಕಾಗುವಷ್ಟು’ ಎಂದಷ್ಟೇ ಇದೆ. ಹಾಗಿದ್ದ ಮೇಲೆ ಒಂದು ಪ್ರಶ್ನೆ ಕೇಳಿ: ನಿನ್ನೆ ರಾತ್ರಿ ಈ ಮಹಡಿಯಲ್ಲಿ ಎಷ್ಟು ಜನ ಇದ್ದರು, ಎರಡು ಗಂಟೆಗೊಮ್ಮೆಯ ಪಟ್ಟಿಯಲ್ಲಿ ಎಷ್ಟು ನಿವಾಸಿಗಳಿದ್ದಾರೆ? ಗುಣಾಕಾರ ಭಾಗಾಕಾರ ಅಲ್ಲೇ ಆಗಿಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಸರಪಳಿ ಸಂಸ್ಥೆಗಳ ಮೇಲೆ ನಡೆದಿರುವ ಹಲವು ಸಾಮೂಹಿಕ ದಾವೆಗಳ ಮುಖ್ಯ ಆರೋಪವೂ ಇದೇ: ಅಸೆಸ್‌ಮೆಂಟ್‌ನ ಪಾಯಿಂಟ್ ನೋಡಿ ಹಣ ತೆಗೆದುಕೊಳ್ಳುತ್ತಾರೆ, ಸಿಬ್ಬಂದಿಯನ್ನು ಮಾತ್ರ ಮೊದಲೇ ಗೊತ್ತುಪಡಿಸಿದ ಬಜೆಟ್ ನೋಡಿ ನೇಮಿಸುತ್ತಾರೆ. ಅವುಗಳಲ್ಲಿ ಕೆಲವು ರಾಜಿಯಲ್ಲಿ ಮುಗಿದಿವೆ.

ನೋಟಿಸ್ ಬಂದ ಮೇಲೆ

ಬಂದ ದಿನವೇ ಲಕೋಟೆ ಸಮೇತ ಫೋಟೋ ತೆಗೆದಿಡಿ, ತಾರೀಖು ಬರೆಯಿರಿ. ಅದೇ ದಿನ ಇಮೇಲ್ ಹೋಗಬೇಕು. ಫೋನ್ ಮಾಡಬೇಡಿ, ಕಾರಿಡಾರ್‌ನಲ್ಲಿ ನಿಂತು ಮಾತಾಡಬೇಡಿ. ಇಮೇಲಿನಲ್ಲಿ ಕೇಳಬೇಕಾದ್ದು: ಹಿಂದಿನ ಅಸೆಸ್‌ಮೆಂಟ್, ಹೊಸದು, ಎರಡರಲ್ಲೂ ಪ್ರತಿ ಪ್ರಶ್ನೆಗೆ ಬಿದ್ದ ಅಂಕ, ಅಂಕ ಹಾಕುವ ನಿಯಮಾವಳಿ, ಮಾಡಿದವರ ಹುದ್ದೆ ಮತ್ತು ಸಮಯ, ಈಗಿನ ಸೇವಾ ಯೋಜನೆ (ಯಾವ ಸೇವೆ, ಹೇಗೆ ಕೊಡಬೇಕು ಎಂದು ಬರೆದ ಕಾಗದ), ಡಾಕ್ಟರ್ ವರದಿ. ಕೊನೆಯ ಎರಡಕ್ಕೆ ರಾಜ್ಯದ ನಮೂನೆಗಳೇ ಇವೆ, ಎಲ್‌ಐಸಿ 625 ಮತ್ತು ಎಲ್‌ಐಸಿ 602ಎ. ನಂಬರ್ ಹೇಳಿ ಕೇಳಿದರೆ ‘ಯಾವ ಕಾಗದ?’ ಎಂಬ ಪ್ರಶ್ನೆ ಬರುವುದಿಲ್ಲ. ನಿವಾಸಿಗಳ ಹಕ್ಕುಗಳ ಪಟ್ಟಿಯಲ್ಲಿ ತಮ್ಮ ದಾಖಲೆಗಳ ಪ್ರತಿಯನ್ನು ಎರಡು ಕೆಲಸದ ದಿನಗಳೊಳಗೆ ಪಡೆಯುವ ಹಕ್ಕೂ ಇದೆ. ಜೆರಾಕ್ಸ್ ಖರ್ಚು ನಿಮ್ಮದು.

ಜೊತೆಗೆ ಹಿಂದಿನ ಎರಡು ವಾರಗಳ ಆರೈಕೆ ದಾಖಲೆಗಳನ್ನೂ ಕೇಳಿ. ಸ್ನಾನದ ಪಟ್ಟಿ, ಔಷಧಿ ಪಟ್ಟಿ, ಶೌಚಕ್ಕೆ ಕರೆದೊಯ್ದ ಪಟ್ಟಿ. ಹೊಸ ಲೆವೆಲ್‌ನಲ್ಲಿ ವಾರಕ್ಕೆ ಮೂರು ಸ್ನಾನ ಎಂದಿದ್ದು, ಪಟ್ಟಿಯಲ್ಲಿ ಒಂದೇ ಸಹಿ ಇದ್ದರೆ ಉಳಿದ ಮಾತು ಬೇಕಾಗುವುದಿಲ್ಲ.

ಆಮೇಲೆ ಸಭೆ. ಸ್ಥಿತಿ ಗಣನೀಯವಾಗಿ ಬದಲಾದಾಗ, ಇಲ್ಲವೇ 12 ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ, ಸೇವಾ ಯೋಜನೆಯನ್ನು ಮರುಪರಿಶೀಲಿಸಬೇಕು. ಅದರಲ್ಲಿ ನಿವಾಸಿಯೂ ಪ್ರತಿನಿಧಿಯೂ ಪಾಲ್ಗೊಳ್ಳಬಹುದು. ಸಭೆಗೆ ಹೋಗುವಾಗ ಒಂದು ಕಾಗದದಲ್ಲಿ ಐದು ಕಂಬ ಎಳೆದುಕೊಳ್ಳಿ: ಕಲಮು, ಹಳೆಯ ಅಂಕ, ಹೊಸ ಅಂಕ, ನಿಜಕ್ಕೂ ಬದಲಾದದ್ದು ಏನು, ದಾಖಲೆಯಲ್ಲಿ ಇರುವುದು ಏನು. ಎಲ್ಲ ಕಲಮುಗಳ ಮೇಲೂ ಹಾರಾಡಬೇಡಿ. ಅಂಚಿನಿಂದ ಕೆಳಗೆ ಇಳಿಯಲು ಎಷ್ಟು ಪಾಯಿಂಟ್ ಬೇಕೋ ಅಷ್ಟಕ್ಕೆ ಸಾಕಾಗುವ, ನಿಮ್ಮ ಬಳಿ ಪುರಾವೆ ಇರುವ ಮೂರು ನಾಲ್ಕು ಕಲಮು ಆರಿಸಿಕೊಳ್ಳಿ. ಆ ಪಾಳಿಯಲ್ಲಿ ನಿಜವಾಗಿ ಕೈ ಹಿಡಿದು ನಡೆಸುವ ಕೇರ್‌ಗಿವರ್ ಸಭೆಯಲ್ಲಿರಲಿ ಎಂದು ಕೇಳಿ. ಅಮ್ಮನ ಕೈಲಿ ಏನಾಗುತ್ತದೆ ಏನಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಸಭೆ ಮುಗಿದ ದಿನವೇ, ಒಪ್ಪಿದ್ದೇನು ಒಪ್ಪದ್ದೇನು ಎಂದು ಹತ್ತು ಸಾಲಿನ ಇಮೇಲ್ ಕಳಿಸಿ.

ಸಂಜೆ ಸ್ನಾನವನ್ನು ಮಗಳೇ ಬಂದು ಮಾಡಿಸುತ್ತಾಳೆ, ಅಥವಾ ಹೊರಗಿನಿಂದ ಆಳು ಇಡುತ್ತೇವೆ ಎಂಬ ಪರಿಹಾರ ಹಲವರಿಗೆ ಹೊಳೆಯುತ್ತದೆ. ಆಗಬಹುದು. ಆದರೆ ಯೋಜನೆಯ ಕಾಗದದಲ್ಲಿ ಆ ಕಲಮು ತೆಗೆದುಹಾಕಿದ ಮೇಲೆ ಶುರುಮಾಡಿ, ಇಲ್ಲದಿದ್ದರೆ ಎರಡೂ ಕಡೆ ದುಡ್ಡು ಕೊಡುತ್ತೀರಿ. ಹೊರಗಿನ ಆಳಿಗೆ ಸಂಸ್ಥೆ ತನ್ನದೇ ಷರತ್ತುಗಳನ್ನು ಹಾಕಿರುತ್ತದೆ. ಹಿನ್ನೆಲೆ ಪರಿಶೀಲನೆ ಅದರಲ್ಲಿ ಸಾಮಾನ್ಯ.

ಸಭೆಯಲ್ಲಿ ಬಗೆಹರಿಯದಿದ್ದರೆ ಮೂರು ಬಾಗಿಲು. ಮೊದಲನೆಯದು ನಿವಾಸಿಗಳ ಪರವಾಗಿ ದೂರು ಕೇಳಿ ಬಗೆಹರಿಸಲು ಯತ್ನಿಸುವ ಓಂಬುಡ್ಸ್‌ಮನ್. ಲಾಂಗ್ ಟರ್ಮ್ ಕೇರ್ ಓಂಬುಡ್ಸ್‌ಮನ್ ಪ್ರತಿ ಕೌಂಟಿಗೂ ಇದ್ದಾರೆ, ಉಚಿತ, ಗುಟ್ಟು ಕಾಯುತ್ತಾರೆ, ನಿವಾಸಿ ಒಪ್ಪಿದರೆ ಸಭೆಗೂ ಬರುತ್ತಾರೆ. ದಂಡ ಹಾಕುವ ಅಧಿಕಾರ ಅವರಿಗಿಲ್ಲ, ಆದರೂ ಅವರು ಕೋಣೆಯಲ್ಲಿ ಕೂತಿದ್ದರೆ ಮಾತಿನ ದಾಟಿ ಬದಲಾಗುತ್ತದೆ. ಎರಡನೆಯದು ಲೈಸೆನ್ಸಿಂಗ್ ವಿಭಾಗಕ್ಕೆ ದೂರು. ದೂರು ಬಂದ 10 ದಿನದೊಳಗೆ ಅವರು ಸ್ಥಳಕ್ಕೆ ಬರಬೇಕು. ಇಲ್ಲಿ ಹಲವರು ನಿರಾಶರಾಗುವುದು ಏಕೆಂದರೆ ‘ದರ ಹೆಚ್ಚು’ ಎಂದು ಬರೆಯುತ್ತಾರೆ. ದರ ಎಷ್ಟಿರಬೇಕು ಎಂದು ಆ ವಿಭಾಗ ತೀರ್ಮಾನಿಸುವುದಿಲ್ಲ. ನೋಟಿಸ್ ಎರಡು ಕೆಲಸದ ದಿನಗಳೊಳಗೆ ಬರಲಿಲ್ಲ, ಬಿಡಿ ಲೆಕ್ಕ ಇಲ್ಲ, ಯೋಜನೆಯಲ್ಲಿರುವ ಸೇವೆ ಕೊಡುತ್ತಿಲ್ಲ, ದಾಖಲೆ ಕೊಡಲಿಲ್ಲ, ಹೀಗೆ ನಿಯಮಕ್ಕೆ ತಾಗುವಂತೆ ಬರೆಯಬೇಕು. ಮೂರನೆಯದು ಕುಟುಂಬಗಳ ಮಂಡಳಿ. ನಿವಾಸಿಗಳ ಬಂಧುಗಳು ಸೇರಿ ಮಂಡಳಿ ಮಾಡಿಕೊಂಡು ಲಿಖಿತ ಅಹವಾಲು ಕೊಟ್ಟರೆ ಸಂಸ್ಥೆ 14 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಮೂರು ಮನೆಯವರ ಲೆವೆಲ್ ಒಂದೇ ತಿಂಗಳಲ್ಲಿ ಏರಿದೆ ಎಂದು ಗೊತ್ತಾಗುವುದು ಇಂಥಲ್ಲೇ.

ಈ ನಡುವೆ ದುಡ್ಡು ಕಟ್ಟಬೇಕೇ? ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕಟ್ಟಿ. ಗಡುವು ದಾಟಿ 10 ದಿನದೊಳಗೆ ಮೂಲ ಸೇವೆಗಳ ದರ ಕಟ್ಟದಿದ್ದರೆ 30 ದಿನದ ತೆರವು ನೋಟಿಸ್ ಕೊಡಲು ಅವರಿಗೆ ಆಧಾರ ಸಿಗುತ್ತದೆ. ನೋಟಿಸ್ ಬಂದ ಮಾತ್ರಕ್ಕೆ ಯಾರನ್ನೂ ಹೊರಗೆ ಹಾಕುವಂತಿಲ್ಲ, ನಿವಾಸಿ ಹೋಗದಿದ್ದರೆ ಸಂಸ್ಥೆ ಕೋರ್ಟಿಗೆ ಹೋಗಿಯೇ ಆದೇಶ ತರಬೇಕು. ಆದರೂ ಎಂಬತ್ತನಾಲ್ಕರ ಜೀವಕ್ಕೆ ಆ ಕಾಗದ ತೋರಿಸುವುದು ಬೇಡ. ‘ತಕರಾರು ಉಳಿಸಿಕೊಂಡೇ ಪಾವತಿಸುತ್ತಿದ್ದೇವೆ, ವಾಪಸು ಕೇಳುವ ಹಕ್ಕು ಬಿಟ್ಟಿಲ್ಲ’ ಎಂಬ ಅರ್ಥದ ಒಂದು ಸಾಲನ್ನು ಪ್ರತಿ ಪಾವತಿಯ ಜೊತೆಗೂ ಇಮೇಲ್ ಮಾಡಿ. ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ ಇದ್ದರೆ ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಬಿಲ್ ಓದುವ ಮೊದಲೇ ಹೊಸ ಮೊತ್ತ ಹೊರಟುಹೋಗಿರುತ್ತದೆ. ವಾಪಸು ಪಡೆಯಲು ಸಣ್ಣ ಮೊತ್ತದ ದಾವೆಗಳ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. ವ್ಯಕ್ತಿಗಳಿಗೆ 12,500 ಡಾಲರ್ ಮಿತಿ, ವಿಚಾರಣೆಯಲ್ಲಿ ವಕೀಲರಿಲ್ಲ. ಮರೆವಿನ ಕಾಯಿಲೆ ಇರುವವರ ಪರವಾಗಿ ದಾವೆ ಹೂಡಲು ಕೋರ್ಟ್ ನೇಮಿಸಿದ ಪಾಲಕರು ಬೇಕಾಗುತ್ತದೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು, ಸ್ವಲ್ಪ ಕಹಿ. ಲಾಂಗ್ ಟರ್ಮ್ ಕೇರ್ ವಿಮೆ ಇರುವವರು ವಿಮಾ ಕಂಪನಿಗೆ ಹೇಳುವುದು ಒಂದು, ಸಂಸ್ಥೆಗೆ ಹೇಳುವುದು ಇನ್ನೊಂದು. ಸ್ನಾನ, ಬಟ್ಟೆ ತೊಡುವುದು, ಶೌಚ, ಮಲಮೂತ್ರದ ಹಿಡಿತ, ಎದ್ದು ಕೂರುವುದು, ಊಟ, ಈ ಆರರಲ್ಲಿ ಎರಡಕ್ಕೆ ಸಹಾಯ ಬೇಕು ಎಂದು ತೋರಿಸಿದರೆ, ಇಲ್ಲವೇ ತೀವ್ರ ಮರೆವು ಇದ್ದರೆ, ಸಾಮಾನ್ಯವಾಗಿ ವಿಮೆ ಬರುತ್ತದೆ. ಅಲ್ಲಿ ಅಮ್ಮನ ಕೈಲಿ ಏನೂ ಆಗುವುದಿಲ್ಲ ಎಂದು ಬರೆದು, ಇಲ್ಲಿ ಎಲ್ಲ ತಾವೇ ಮಾಡಿಕೊಳ್ಳುತ್ತಾರೆ ಎಂದು ವಾದಿಸಿದರೆ ಎರಡೂ ಕಾಗದ ಒಂದು ದಿನ ಒಂದೇ ಮೇಜಿಗೆ ಬರುತ್ತವೆ, ಏಕೆಂದರೆ ವಿಮಾ ಕಂಪನಿ ಸಂಸ್ಥೆಯ ಸೇವಾ ಯೋಜನೆಯನ್ನೇ ತರಿಸಿಕೊಳ್ಳುತ್ತದೆ. ಅಂಕ ಇಳಿಸುವ ಮುನ್ನ ವಿಮೆಯ ಷರತ್ತು ಓದಿ. ಕೆಲವರಿಗೆ ಆರು ನೂರು ಡಾಲರ್ ಉಳಿಸಲು ಹೋಗಿ ನಾಲ್ಕು ಸಾವಿರದ ವಿಮೆ ಕೈತಪ್ಪುವ ಲೆಕ್ಕವಾಗುತ್ತದೆ.

ಸೇರಿಸುವ ಮುಂಚಿನ ಕರಾರಿನ ಬಗ್ಗೆ ಎರಡೇ ಮಾತು. ಲೆವೆಲ್‌ಗಳ ದರಪಟ್ಟಿ ಮತ್ತು ಖಾಲಿ ಅಸೆಸ್‌ಮೆಂಟ್ ನಮೂನೆ ಕರಾರಿಗೆ ಲಗತ್ತಾಗಿರಲಿ. ಸಹಿ ಮಾಡುವಾಗ ತಂದೆ ಅಥವಾ ತಾಯಿಯ ಹೆಸರು ಬರೆದು, ಅವರ ಪರವಾಗಿ ಪವರ್ ಆಫ್ ಅಟಾರ್ನಿ ಹೊಂದಿರುವ ಏಜೆಂಟ್ ಎಂದು ನಮೂದಿಸಿ ನಿಮ್ಮ ಸಹಿ ಹಾಕಿ. ‘ರೆಸ್ಪಾನ್ಸಿಬಲ್ ಪಾರ್ಟಿ’ (ಹೊಣೆಗಾರ) ಎಂಬ ಗೆರೆಯ ಕೆಳಗೆ ಬರಿಯ ಹೆಸರು ಗೀಚಿದರೆ ಬಾಕಿ ನಿಮ್ಮ ತಲೆಗೆ ಬರುವ ಸಾಧ್ಯತೆ ಇದೆ.

ಸಭಿಕರ ಪ್ರಶ್ನೆಗಳು

ಆಸ್ಪತ್ರೆ ಅಥವಾ ರಿಹ್ಯಾಬ್‌ನಲ್ಲಿ ಮೂರು ವಾರ ಇದ್ದಾಗಲೂ ಪೂರ್ತಿ ಶುಲ್ಕ ಕೊಡಬೇಕೆ?

ಕೋಣೆ ಉಳಿಸಿಕೊಳ್ಳಲು ಮೂಲ ದರ ಕೊಡಬೇಕಾಗುತ್ತದೆ. ಆರೈಕೆ ಶುಲ್ಕ ಬೇರೆ. ಇಷ್ಟು ದಿನ ಗೈರಾದ ಮೇಲೆ ಅದನ್ನು ಕಳೆಯಲಾಗುತ್ತದೆ ಎಂಬ ಸಾಲು ಹಲವು ಕರಾರುಗಳಲ್ಲಿ ಇರುತ್ತದೆ. ಹೋದ ದಿನ, ಬಂದ ದಿನ ಬರೆದಿಟ್ಟು ಬಿಲ್‌ಗೆ ತಾಳೆ ನೋಡಿ.

ನಮ್ಮ ತಂದೆ ತಾಯಿ ಬೆಂಗಳೂರಿನ ರಿಟೈರ್‌ಮೆಂಟ್ ಹೋಮ್‌ನಲ್ಲಿದ್ದಾರೆ, ದುಡ್ಡು ಇಲ್ಲಿಂದ ಹೋಗುತ್ತದೆ. ಅಲ್ಲಿ ಈ 90 ದಿನ, ಎರಡು ದಿನ ನಡೆಯುತ್ತದೆಯೇ?

ಇಲ್ಲ. ಅಲ್ಲಿ ನಿಮ್ಮ ಕೈಯಲ್ಲಿರುವುದು ಕರಾರು ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ರಿಟೈರ್‌ಮೆಂಟ್ ಹೋಮ್‌ಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು, ಅದು ಸಲಹೆ ಅಷ್ಟೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ. ಕೊಟ್ಟ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವಿಲ್ಲ. ದೂರುದಾರರು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ‘ಆಡಳಿತ ಮಂಡಳಿ ಇಚ್ಛಿಸಿದಾಗ ಇಚ್ಛಿಸಿದಷ್ಟು ದರ ಏರಿಸಬಹುದು’ ಎಂಬಂಥ ಏಕಪಕ್ಷೀಯ ಷರತ್ತನ್ನೇ ಪ್ರಶ್ನಿಸಬೇಕಿದ್ದರೆ ಅದು ಅನ್ಯಾಯದ ಕರಾರು ಎಂಬ ದೂರು, ಅದು ರಾಜ್ಯ ಆಯೋಗಕ್ಕೆ ಹೋಗಬೇಕು. ಕರಾರಿನಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್) ಷರತ್ತಿದ್ದರೂ ಗ್ರಾಹಕ ಆಯೋಗದ ದಾರಿ ಮುಚ್ಚುವುದಿಲ್ಲ. ಜಿಎಸ್‌ಟಿಯನ್ನೂ ಗಮನಿಸಿ: ನೋಂದಾಯಿತ ಧರ್ಮಾರ್ಥ ಸಂಸ್ಥೆಯ ವೃದ್ಧಾಶ್ರಮದಲ್ಲಿ 60 ದಾಟಿದವರಿಗೆ ತಿಂಗಳಿಗೆ 25,000 ರೂಪಾಯಿವರೆಗಿನ ಶುಲ್ಕಕ್ಕೆ ವಿನಾಯಿತಿ ಇದೆ, ಖಾಸಗಿ ಕಂಪನಿಗೆ ಆ ವಿನಾಯಿತಿ ಇಲ್ಲ. ದರ ಏರಿಕೆಯ ಶೇಕಡಾ ಲೆಕ್ಕ ಹಾಕುವಾಗ ತೆರಿಗೆ ಸೇರಿಸಿ ಹೇಳುತ್ತಿದ್ದಾರೋ ಬಿಟ್ಟು ಹೇಳುತ್ತಿದ್ದಾರೋ ಕೇಳಿ.

ಇಷ್ಟೆಲ್ಲ ತಲೆನೋವಿಗಿಂತ ಬೇರೆ ಕಡೆಗೆ ಕರೆದೊಯ್ದುಬಿಡುವುದು ಒಳ್ಳೆಯದಲ್ಲವೇ?

ಲೆಕ್ಕ ಹಾಕಿ ನೋಡಿ. ಹೊಸ ಕಡೆ ಸೇರುವ ಶುಲ್ಕ 5,000 ಡಾಲರ್, ಸಾಮಾನು ಸಾಗಿಸಲು 1,500 ಅನ್ನೋಣ. ತಿಂಗಳಿಗೆ 600 ಉಳಿಯುವುದಾದರೂ ಆ ಖರ್ಚು ಹುಟ್ಟಲು ಹತ್ತು ಹನ್ನೊಂದು ತಿಂಗಳು ಬೇಕು, ಹಳೆಯ ಕಡೆ ನೋಟಿಸ್ ಅವಧಿಯ ಬಾಡಿಗೆ ಬೇರೆ. ಮರೆವಿನ ಕಾಯಿಲೆಯವರಿಗೆ ಜಾಗ ಬದಲಾದರೆ ಗೊಂದಲ ಹೆಚ್ಚುತ್ತದೆ, ಆ ಗೊಂದಲವನ್ನೇ ಅಳೆದು ಹೊಸ ಕಡೆಯೂ ಲೆವೆಲ್ ಏರಿಸಬಹುದು. ಸೇರಿಸಿಕೊಳ್ಳುವಾಗ ಕಡಿಮೆ ಲೆವೆಲ್ ಹೇಳಿ ಒಂದೆರಡು ತಿಂಗಳಲ್ಲಿ ಮರು ಅಸೆಸ್‌ಮೆಂಟ್ ಮಾಡುವ ರೂಢಿಯೂ ಇದೆ. ಹೋಗಲೇಬೇಕೆಂದಿದ್ದರೆ, ಹೊಸ ಸಂಸ್ಥೆಯ ನರ್ಸ್ ಹಳೆಯ ಕಡೆಗೇ ಬಂದು ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ನೋಡಿ ಅಂಕ ಹಾಕಲಿ. ಆಸ್ಪತ್ರೆ ಸೇರುವಂಥದ್ದು ಆಗದ ಹೊರತು ಮೊದಲ 90 ದಿನ ಆ ಅಂಕ ಬದಲಿಸುವುದಿಲ್ಲ ಎಂದು ಕರಾರಿನಲ್ಲಿ ಬರೆಸಿಕೊಂಡು ಆಮೇಲೆ ಚೆಕ್ ಕೊಡಿ.